ಬಂದೀಖಾನೆಯ ಬಾಗಿಲಲ್ಲಿ ಪಾದ್ರಿ

ಕಾರವಾರದಿಂದ ಅಂಕೋಲೆಗೆ ಹೊರಟ ಹೆದ್ದಾರಿ ಬಿಣಗಾ ದಾಟಿ ಅರಗಾಕ್ಕೆ ಬರುತ್ತಿದ್ದಂತೆ ಬಲಗಡೆ ಸಮುದ್ರ ಮರೆಯಾಗಿ ನೌಕಾನೆಲೆಯ ಗೋಡೆ ಶುರುವಾಗುತ್ತದೆ. ಆ ಗೋಡೆಯ ಆಚೆ, ದಂಡೆಗೆ ತೀರ ಹತ್ತಿರದಲ್ಲಿ, ಸುಮಾರು ಒಂದು ಮೈಲಿ ಉದ್ದದ ಅಂಜುದೀವ್ ನಡುಗಡ್ಡೆ ಇದೆ. ಇವತ್ತು ಅದು ಕದಂಬ ನೌಕಾನೆಲೆಯ ಭಾಗ. ಒಂದು ಕಾಲಕ್ಕೆ ಅಲ್ಲಿ ಕೋಟೆಯಿತ್ತು, ಇಗರ್ಜಿಯಿತ್ತು, ಗೋವೆಯ ಪೋರ್ತುಗೀಸ್ ಸರ್ಕಾರ ತನಗೆ ಬೇಡವಾದ ಕೈದಿಗಳನ್ನು ತಂದು ಇಳಿಸುವ ಜಾಗವೂ ಅದೇ ಆಗಿತ್ತು. ಪಾದ್ರಿಯೂ ಕೈದಿಯೂ ಇಷ್ಟು ಒತ್ತಾಗಿ ಬದುಕಿದ ಜಾಗ ಈ ಕರಾವಳಿಯಲ್ಲಿ ಇನ್ನೊಂದಿಲ್ಲ.

ಸೆರೆಯಲ್ಲಿದ್ದವರನ್ನು ನೋಡಲು ಹೋಗುವುದು ಕ್ರೈಸ್ತರಿಗೆ ಧರ್ಮದ ಕಟ್ಟಳೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಹಸಿದವರಿಗೆ ಅನ್ನ, ಬತ್ತಲೆ ಇದ್ದವರಿಗೆ ಬಟ್ಟೆ ಎನ್ನುವ ಸಾಲಿನಲ್ಲೇ ಸೆರೆಯಾಳಿನ ಭೇಟಿಯೂ ಬರುತ್ತದೆ. ಅನ್ನ, ಬಟ್ಟೆ ಕೊಡಲು ಯಾರ ಅಪ್ಪಣೆಯೂ ಬೇಡ. ಜೈಲಿನ ವಿಷಯ ಹಾಗಲ್ಲ. ಅಲ್ಲಿ ಬೀಗ ಇದೆ, ಬೀಗದ ಕೈ ಸರ್ಕಾರದ ಸೊಂಟದಲ್ಲಿದೆ. ಹಾಗಾಗಿ ಈ ಸೇವೆಯ ಚರಿತ್ರೆ ಬರೆಯುವವರು ಪಾದ್ರಿ ಒಳಗೆ ಹೋಗಿ ಏನು ಹೇಳಿದ ಎನ್ನುವುದಕ್ಕಿಂತ ಮೊದಲು, ಅವನನ್ನು ಒಳಗೆ ಬಿಟ್ಟವರು ಯಾರು, ಬಿಡದವರು ಯಾರು ಎಂದು ಕೇಳಬೇಕಾಗುತ್ತದೆ. ಕಾರವಾರ, ಅಂಕೋಲೆಯ ಸುತ್ತ ಈ ಪ್ರಶ್ನೆಗೆ ಐದು ಶತಮಾನಗಳಲ್ಲಿ ಬೇರೆ ಬೇರೆ ಉತ್ತರ ಸಿಕ್ಕಿದೆ.

ಮೊದಲ ಉತ್ತರ ಹೆಮ್ಮೆಪಡುವಂಥದ್ದಲ್ಲ. 1498ರ ಸೆಪ್ಟೆಂಬರ್ ಕೊನೆಗೆ ವಾಸ್ಕೋ ಡ ಗಾಮಾ ಕಲ್ಲಿಕೋಟೆಯಿಂದ ಮರಳುತ್ತ ಅಂಜುದೀವ್‌ನಲ್ಲಿ ಹಡಗು ನಿಲ್ಲಿಸಿದ. ಗೋವೆಯ ಆದಿಲ್‌ಶಾಹಿ ಅಧಿಪತಿಯ ಸೇವೆಯಲ್ಲಿದ್ದ ಒಬ್ಬ ಯಹೂದಿ ಸ್ನೇಹದ ಮಾತಾಡುತ್ತ ಹಡಗಿಗೆ ಬಂದ. ಗೂಢಚಾರನಿರಬೇಕೆಂದು ಗಾಮಾ ಅವನನ್ನು ಹಿಡಿಸಿ, ಬಟ್ಟೆ ಬಿಚ್ಚಿಸಿ, ಚಾಟಿಯಿಂದ ಹೊಡೆಸಿ ಬಾಯಿ ಬಿಡಿಸಿದ. ಆಮೇಲೆ ಅವನನ್ನು ಪೋರ್ತುಗಲ್ಲಿಗೆ ಒಯ್ದರು, ದೀಕ್ಷಾಸ್ನಾನವಾಯಿತು, ಗಾಸ್ಪರ್ ಡ ಗಾಮಾ ಎಂಬ ಹೆಸರು ಬಂತು. ಎರಡು ವರ್ಷಕ್ಕೆ ಆತ ಪೋರ್ತುಗೀಸ್ ಕಪ್ತಾನ ಕಬ್ರಾಲನ ಹಡಗುಗಳಲ್ಲಿ ದುಭಾಷಿಯಾಗಿ ಮತ್ತೆ ಇದೇ ಕರಾವಳಿಗೆ ಬಂದ. ಆ ಹಡಗುಗಳಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿಗಳಿದ್ದರು. 1500ರ ಆಗಸ್ಟ್‌ನಲ್ಲಿ ಅವರು ಅಂಜುದೀವ್‌ನಲ್ಲಿ ಬಲಿಪೂಜೆ ಮಾಡಿ ನಾವಿಕರ ಪಾಪನಿವೇದನೆ ಕೇಳಿದರು. ಕಾರವಾರದ ನೀರಿನಲ್ಲಿ ಸೆರೆಯಾಳೊಬ್ಬ ಕ್ರೈಸ್ತ ಧರ್ಮವನ್ನು ಮೊದಲು ಕಂಡದ್ದು ಹೀಗೆ: ಮೊದಲು ಚಾಟಿ, ಆಮೇಲೆ ಶಿಲುಬೆ.

ಅದೇ 1498ರ ಆಗಸ್ಟ್ 15ರಂದು ಲಿಸ್ಬನ್ನಿನಲ್ಲಿ ಬೇರೊಂದು ಕೆಲಸ ಶುರುವಾಗಿತ್ತು. ರಾಣಿ ಲಿಯೊನೋರ್ ಆಶ್ರಯದಲ್ಲಿ ಮಿಸೆರಿಕಾರ್ದಿಯಾ ಎಂಬ ದಯಾಸಂಘ ಹುಟ್ಟಿತು. ಸದಸ್ಯರು ಪಾದ್ರಿಗಳಲ್ಲ, ಊರಿನ ಗೃಹಸ್ಥರು. ಜೈಲಿನ ಬಡವರಿಗೆ ಊಟ ಒಯ್ಯುವುದು, ವಕೀಲರಿಲ್ಲದವರ ಮೊಕದ್ದಮೆ ನಡೆಸುವುದು, ಗಲ್ಲಿಗೆ ಹೋಗುವವನ ಜೊತೆ ನಡೆಯುವುದು, ಹೆಣಕ್ಕೆ ಮಣ್ಣು ಕೊಡುವುದು ಇವರ ಕೆಲಸದಲ್ಲಿ ಸೇರಿತ್ತು. ಗಲ್ಲುಗಂಬದಲ್ಲೇ ಕೊಳೆಯಲು ಬಿಟ್ಟ ಹೆಣಗಳ ಮೂಳೆಗಳನ್ನು ವರ್ಷಕ್ಕೊಮ್ಮೆ, ಸಕಲ ಸಂತರ ಹಬ್ಬದಂದು, ಆಯ್ದು ತಂದು ಹೂಳುವ ಹಕ್ಕನ್ನು ರಾಜನಿಂದಲೇ ಪಡೆದಿದ್ದರು. ಗೋವೆ ಪೋರ್ತುಗೀಸರ ಕೈಗೆ ಬಂದ ಹತ್ತು ವರ್ಷದ ಸುಮಾರಿಗೆ ಈ ಸಂಘ ಅಲ್ಲೂ ತಲೆಯೆತ್ತಿತು. 1542ರ ಮೇ ತಿಂಗಳಲ್ಲಿ ಗೋವೆಗೆ ಬಂದಿಳಿದ ಫ್ರಾನ್ಸಿಸ್ ಝೇವಿಯರ್ ಆಸ್ಪತ್ರೆಯಲ್ಲಿ ಬಿಡಾರ ಮಾಡಿ, ಅಲ್ಲಿಂದ ಜೈಲುಗಳಿಗೆ ಹೋಗಿ ಕೈದಿಗಳ ಪಾಪನಿವೇದನೆ ಕೇಳುತ್ತಿದ್ದುದನ್ನು ತನ್ನ ಪತ್ರದಲ್ಲಿ ಬರೆದಿದ್ದಾನೆ. ಒಳಗೆ ಹೋಗಲು ಅವನಿಗೇನೂ ತೊಂದರೆಯಿರಲಿಲ್ಲ. ಗೋವೆಯಲ್ಲಿ ಇಗರ್ಜಿಯ ಸಂಬಳ ಕೊಡುತ್ತಿದ್ದವನೂ ಜೈಲಿನ ಬೀಗ ಹಾಕಿಸುತ್ತಿದ್ದವನೂ ಒಬ್ಬನೇ ರಾಜ.

ಈ ಅನುಕೂಲದ ಒಳಗೆ ಒಂದು ತೊಡಕೂ ಇತ್ತು. ಅದನ್ನು ಚೆನ್ನಾಗಿ ತೋರಿಸುವುದು ನಾಲ್ಕು ಜನ ಇಂಗ್ಲಿಷರ ಕಥೆ.

ರಾಲ್ಫ್ ಫಿಚ್, ಜಾನ್ ನ್ಯೂಬೆರಿ, ವಿಲಿಯಂ ಲೀಡ್ಸ್, ಜೇಮ್ಸ್ ಸ್ಟೋರಿ ವ್ಯಾಪಾರಕ್ಕೆಂದು 1583ರಲ್ಲಿ ಹೊರ್ಮುಜ್‌ಗೆ ಬಂದಿದ್ದರು. ವೆನಿಸ್ಸಿನ ಒಬ್ಬ ವರ್ತಕ ಹೊಟ್ಟೆಕಿಚ್ಚಿನಿಂದ ಇವರು ಬೇಹುಗಾರರೆಂದು ಚಾಡಿ ಹೇಳಿದ. ಪೋರ್ತುಗೀಸರು ಹಿಡಿದು ಗೋವೆಗೆ ಸಾಗಿಸಿ ಜೈಲಿಗೆ ಹಾಕಿದರು. ಪ್ರಾಟೆಸ್ಟಂಟ್ ಇಂಗ್ಲೆಂಡಿನವರು ಎನ್ನುವುದೇ ಅರ್ಧ ಅಪರಾಧವಾಗಿತ್ತು. ಆಗ ಗೋವೆಯಲ್ಲಿ ಒಬ್ಬನೇ ಒಬ್ಬ ಇಂಗ್ಲಿಷ್ ಜೆಸ್ವಿಟ್ ಇದ್ದ: ಥಾಮಸ್ ಸ್ಟೀಫನ್ಸ್, ಬಂದು ನಾಲ್ಕು ವರ್ಷವಾಗಿತ್ತು. ಮತದ ಲೆಕ್ಕದಲ್ಲಿ ಈ ನಾಲ್ವರು ಅವನಿಗೆ ವಿರೋಧಿಗಳು. ಅವನು ತನ್ನ ದೇಶ ಬಿಟ್ಟದ್ದೇ ಕಥೋಲಿಕರಿಗೆ ಅಲ್ಲಿ ಉಳಿಗಾಲವಿಲ್ಲವೆಂದು. ಅವನ ಜೊತೆ ರೋಮಿಗೆ ಹೊರಡಬೇಕಿದ್ದ ಆಪ್ತ ಗೆಳೆಯ ಥಾಮಸ್ ಪೌಂಡ್ ಇಂಗ್ಲೆಂಡಿನಲ್ಲೇ ಸಿಕ್ಕಿಬಿದ್ದು, ನಂಬಿಕೆಯ ಕಾರಣಕ್ಕೆ ಒಟ್ಟು ಸುಮಾರು ಮೂವತ್ತು ವರ್ಷ ಜೈಲುಗಳಲ್ಲಿ ಕಳೆದ.

ಸ್ಟೀಫನ್ಸ್ ಜೈಲಿನ ಇಂಗ್ಲಿಷರಿಗಾಗಿ ಓಡಾಡಿದ. ಜೊತೆಗೆ ಫ್ಲಾಂಡರ್ಸ್ ಕಡೆಯ ಇನ್ನೊಬ್ಬ ಪಾದ್ರಿ ಸೇರಿದ. ಇಬ್ಬರೂ ಅಧಿಕಾರಿಗಳ ಹತ್ತಿರ ಮಾತಾಡಿ, ಊರಿನ ಒಬ್ಬ ನಾಗರಿಕನನ್ನು ಜಾಮೀನಿಗೆ ಒಪ್ಪಿಸಿದರು. ಮೊತ್ತ ಎರಡು ಸಾವಿರ ಡುಕಾಟ್. ಕ್ರಿಸ್ಮಸ್ಸಿಗೆ ಮೂರು ದಿನ ಮೊದಲು ಬಿಡುಗಡೆಯಾಯಿತು. ಚಿತ್ರಕಾರನಾಗಿದ್ದ ಸ್ಟೋರಿ ಅಷ್ಟರಲ್ಲಿ ಜೆಸ್ವಿಟರ ಸಂತ ಪಾವ್ಲ ಕಾಲೇಜಿಗೆ ಸೇರಿ ಅವರ ಇಗರ್ಜಿಗೆ ಚಿತ್ರ ಬರೆಯಲು ಒಪ್ಪಿಕೊಂಡಿದ್ದ. ಉಳಿದ ಮೂವರು ಅಂಗಡಿ ಇಟ್ಟರು, ಆದರೆ ವೈಸರಾಯನ ಮಾತಿನ ವರಸೆ ನೋಡಿ ಭಯಬಿದ್ದು 1584ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ನದಿ ದಾಟಿ ಓಡಿದರು. ಬೆಳಗಾವಿ ತಲುಪಿ, ಅಲ್ಲಿಂದ ವಿಜಾಪುರಕ್ಕೆ ಹೋದರು. ಜಾಮೀನು ನಿಂತವನ ಗತಿ ಏನಾಯಿತು ಎಂಬುದನ್ನು ಫಿಚ್ ತನ್ನ ಪ್ರವಾಸ ಕಥನದಲ್ಲಿ ಬರೆಯುವ ಗೋಜಿಗೆ ಹೋಗಿಲ್ಲ.

ಇಲ್ಲಿ ಸ್ಟೀಫನ್ಸ್ ಮಾಡಿದ್ದು ಉಪದೇಶವಲ್ಲ, ಓಡಾಟ. ಕಚೇರಿಗೆ ಹೋಗುವುದು, ಪರಿಚಯದವರ ಕೈಕಾಲು ಹಿಡಿಯುವುದು, ಜಾಮೀನುದಾರನನ್ನು ಹುಡುಕುವುದು. ಇವತ್ತಿಗೂ ಜೈಲುಸೇವೆಯಲ್ಲಿ ಹೆಚ್ಚು ಬೆವರು ಹರಿಯುವುದು ಇದಕ್ಕೇ. ಇನ್ನೊಂದು ಸಂಗತಿಯನ್ನೂ ಮರೆಯಬಾರದು: ಸ್ಟೀಫನ್ಸ್‌ಗೆ ದಾರಿ ಬಿಟ್ಟ ಅದೇ ಗೋವೆ, ಮತಭ್ರಷ್ಟರನ್ನು ವಿಚಾರಿಸುವ ತನ್ನದೇ ಇನ್‌ಕ್ವಿಸಿಷನ್ನಿನ ಬಂದೀಖಾನೆಯನ್ನೂ ನಡೆಸುತ್ತಿತ್ತು. ಅಲ್ಲಿಗೆ ಕಳಿಸುವವರೂ ಪಾದ್ರಿಗಳೇ, ಒಳಗೆ ಬಂದು ಪಶ್ಚಾತ್ತಾಪದ ಮಾತಾಡುವವರೂ ಪಾದ್ರಿಗಳೇ. 1670ರ ದಶಕದಲ್ಲಿ ಅಲ್ಲಿ ಸೆರೆಯಾಗಿದ್ದ ಫ್ರೆಂಚ್ ವೈದ್ಯ ಶಾರ್ಲ್ ಡೆಲ್ಲನ್ ಹೊರಬಂದ ಮೇಲೆ ಬರೆದ ಪುಸ್ತಕ ಯುರೋಪಿನಲ್ಲಿ ಗದ್ದಲ ಎಬ್ಬಿಸಿತು. ಸೆರೆಹಾಕಿದವನೇ ಸಾಂತ್ವನ ಹೇಳಲು ಬಂದರೆ ಆ ಸಾಂತ್ವನವನ್ನು ಯಾರು ನಂಬುತ್ತಾರೆ?

ಅಂಜುದೀವ್‌ನ ವ್ಯವಸ್ಥೆಯೂ ಇದೇ ಬುನಾದಿಯ ಮೇಲಿತ್ತು. 1505ರಲ್ಲಿ ಪೋರ್ತುಗೀಸ್ ವೈಸರಾಯ ಅಲ್ಮೇಡಾ ಕಟ್ಟಿಸಲು ಹೊರಟ ಕೋಟೆಯನ್ನು ಮರುವರ್ಷವೇ ಬಿಟ್ಟುಹೋದರು. 1660ರ ದಶಕದಲ್ಲಿ, ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದು ಪೋರ್ತುಗೀಸರು ಬಿಟ್ಟುಕೊಡದೆ ಸತಾಯಿಸಿದಾಗ ಅಬ್ರಹಾಂ ಶಿಪ್‌ಮನ್ನನ ಇಂಗ್ಲಿಷ್ ಪಡೆ ಇಲ್ಲೇ ಬೀಡುಬಿಟ್ಟು ಜ್ವರದಲ್ಲಿ ನಾಶವಾಯಿತು. ನಾನೂರರಷ್ಟು ಸೈನಿಕರಲ್ಲಿ ಮುಂಬಯಿ ತಲುಪಿದವರು ನೂರಕ್ಕೆ ಸ್ವಲ್ಪ ಹೆಚ್ಚು. ಶಿಪ್‌ಮನ್ ಕೂಡ ಇಲ್ಲೇ ಸತ್ತ. 1682ರಲ್ಲಿ ಪೋರ್ತುಗೀಸರು ಸಂಭಾಜಿಯ ಭಯಕ್ಕೆ ಗಟ್ಟಿ ಕೋಟೆ ಕಟ್ಟಿದರು. ಬ್ರೋತಾಸ್ ಮಾತೆಯ ಇಗರ್ಜಿ, ಸಂತ ಫ್ರಾನ್ಸಿಸ್ಸನ ಪ್ರಾರ್ಥನಾಲಯ ಕೋಟೆಗೆ ಜೊತೆಯಾದವು. ಕೋಟೆಯ ಸೈನಿಕ ಮಹತ್ವ ಕಡಿಮೆಯಾದಂತೆ ಗೋವೆ, ದಮನ್‌ಗಳ ಅಪರಾಧಿಗಳನ್ನು ಇಲ್ಲಿಗೆ ಗಡೀಪಾರು ಮಾಡುವುದು ರೂಢಿಯಾಯಿತು. ಕಾರವಾರದವರ ಕಣ್ಣಳತೆಯಲ್ಲೇ ಒಂದು ಪುಟ್ಟ ಅಂಡಮಾನ್. ಇಗರ್ಜಿಯ ಪಾದ್ರಿಗೆ ಕೋಟೆಯ ಸಿಪಾಯಿಯೂ ಗಡೀಪಾರಾದವನೂ ಒಂದೇ ಪಂಕ್ತಿಯಲ್ಲಿ ಮೊಣಕಾಲೂರುವ ಭಕ್ತರು. ಅಲ್ಲಿ ಅಪ್ಪಣೆಯ ಪ್ರಶ್ನೆಯೇ ಇರಲಿಲ್ಲ, ಏಕೆಂದರೆ ಪಾದ್ರಿಯೂ ಅದೇ ನಡುಗಡ್ಡೆಗೆ ಕಟ್ಟಿಬಿದ್ದವನು.

ರಾಜನ ಸಂಬಳವಿಲ್ಲದೆ ಓಡಾಡಿದ ಪಾದ್ರಿಗಳೂ ಈ ಕರಾವಳಿಯಲ್ಲಿದ್ದರು. ಜೋಸೆಫ್ ವಾಜ್ ಅವರಲ್ಲಿ ಮುಖ್ಯ. ಗೋವೆಯ ಬಾಣಾವಲಿಯಲ್ಲಿ 1651ರಲ್ಲಿ ಹುಟ್ಟಿದ ಈ ಕೊಂಕಣಿ ಪಾದ್ರಿ 1681ರಿಂದ ಮೂರು ವರ್ಷ ಕೆನರಾ ಮಿಷನ್ನಿನ ಹೊಣೆ ಹೊತ್ತು ಗಂಗೊಳ್ಳಿ, ಬಸ್ರೂರು, ಮಂಗಳೂರು ಎಂದು ತಿರುಗಿದ. ಆಮೇಲೆ, ಡಚ್ಚರು ಕಥೋಲಿಕ ಪಾದ್ರಿಗಳಿಗೆ ಬಾಗಿಲು ಮುಚ್ಚಿದ್ದ ಸಿಂಹಳಕ್ಕೆ ಭಿಕ್ಷುಕನ ವೇಷದಲ್ಲಿ ನುಸುಳಿದ. 1692ರಲ್ಲಿ ಕ್ಯಾಂಡಿಯ ಅರಸ ಇವನನ್ನು ಪೋರ್ತುಗೀಸರ ಬೇಹುಗಾರನೆಂಬ ಅನುಮಾನದಲ್ಲಿ ಸೆರೆಗೆ ಹಾಕಿದ. ವಾಜ್ ಸೆರೆಯಲ್ಲೇ ಸಿಂಹಳಿ ಭಾಷೆ ಕಲಿತ, ಕಾವಲು ಸಡಿಲವಾದಾಗ ಅಲ್ಲೇ ಒಂದು ಗುಡಿಸಲು ಹಾಕಿ ಪೂಜೆ ಶುರುಮಾಡಿದ, ಸುತ್ತಲಿನ ಕ್ರೈಸ್ತರು ಅಲ್ಲಿಗೇ ಬರತೊಡಗಿದರು. ಜೈಲಿಗೆ ಹೋಗಲು ಅಪ್ಪಣೆ ಕೇಳದೆ ಒಳಗೆ ಸೇರುವ ದಾರಿ ಇದೊಂದೇ: ಕೈದಿಯಾಗಿ ಹೋಗುವುದು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಇವನನ್ನು ಸಂತನೆಂದು ಘೋಷಿಸಿದರು.

ಕಾರವಾರದ ಸುಂಕೇರಿಗೂ ಅಂಥವರು ಬಂದರು. ಪೋರ್ತುಗೀಸ್ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದ ಕಾರ್ಮೆಲೈಟ್ ಪಾದ್ರಿಗಳು 18ನೆಯ ಶತಮಾನದ ಆರಂಭದಲ್ಲಿ ಗೋವೆಯಿಂದ ಹೊರಬಿದ್ದಾಗ ಕಾಳಿ ನದಿಯ ದಂಡೆಯ ಈ ಊರು ಅವರಿಗೆ ನೆಲೆ ಕೊಟ್ಟಿತು. ಹೀಗೆ ಒಂದೇ ಕಣ್ಣೋಟದಲ್ಲಿ ಎರಡು ಬಗೆಯ ಪಾದ್ರಿಗಳು: ನಡುಗಡ್ಡೆಯಲ್ಲಿ ರಾಜನ ಸಂಬಳದವರು, ನದಿದಂಡೆಯಲ್ಲಿ ರಾಜ ಓಡಿಸಿದವರು.

ಇಬ್ಬರಿಗೂ ಕೈಗೆಟುಕದ ಸೆರೆ 1784ರಲ್ಲಿ ಬಂತು. ಆ ವರ್ಷ ಫೆಬ್ರವರಿ 24ರಂದು, ಬೂದಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದರು. ಹಿಂದಿನ ವರ್ಷ ಜನರಲ್ ಮ್ಯಾಥ್ಯೂಸ್ ಈ ಕರಾವಳಿಗೆ ಇಳಿದು ಬಿದನೂರಿನವರೆಗೂ ಹೋಗಿದ್ದಾಗ ಇವರು ಇಂಗ್ಲಿಷರಿಗೆ ನೆರವಾದರೆಂಬುದು ಆರೋಪ. ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಟಿಪ್ಪುವಿನ ಕಡೆಯ ದಾಖಲೆ ಅರವತ್ತು ಸಾವಿರ ಎನ್ನುತ್ತದೆ, ಬೇರೆಯವರು ಅದರ ಅರ್ಧ ಹೇಳುತ್ತಾರೆ. ಶೃಂಗೇರಿ ಮಠಕ್ಕೆ ಭಕ್ತಿಯಿಂದ ಪತ್ರ ಬರೆದ ಅರಸನೇ ಈ ಆಜ್ಞೆಯನ್ನೂ ಹೊರಡಿಸಿದ ಎನ್ನುವುದು ಟಿಪ್ಪುವಿನ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಡುವವರ ಬಾಯಿ ಕಟ್ಟುವ ಸಂಗತಿ.

ಪಾದ್ರಿಗಳನ್ನು ಸೆರೆಗೆ ಹಾಕಲಿಲ್ಲ. ಇಪ್ಪತ್ತಕ್ಕೂ ಹೆಚ್ಚು ಪಾದ್ರಿಗಳಿಗೆ ದಂಡ ಹಾಕಿ ಗೋವೆಗೆ ಅಟ್ಟಿದರು, ಮರಳಿ ಬಂದರೆ ಗಲ್ಲು ಎಂದು ಎಚ್ಚರಿಸಿದರು. ಲೆಕ್ಕ ಬಲ್ಲವನ ಲೆಕ್ಕಾಚಾರ ಅದು: ಹಿಂಡನ್ನು ಒಂದು ಕಡೆ ಹೊಡೆದು ಕುರುಬನನ್ನು ಇನ್ನೊಂದು ಕಡೆ ಓಡಿಸಿದರೆ ಕೆಲಸ ಸಲೀಸು. ಹದಿನೈದು ವರ್ಷ ಅಷ್ಟೂ ಜನ ಪೂಜೆಯಿಲ್ಲದೆ, ಪಾಪನಿವೇದನೆಯಿಲ್ಲದೆ, ಮದುವೆಗೆ ಆಶೀರ್ವಾದವಿಲ್ಲದೆ, ಸಾಯುವವನ ಹಣೆಗೆ ಎಣ್ಣೆ ಹಚ್ಚುವವರಿಲ್ಲದೆ ಬದುಕಿದರು. ಎಳೆಯರಿಗೆ ಮುಂಜಿ ಮಾಡಿಸಿ ಅಹಮದಿ ಎಂಬ ಪಡೆಗಳಿಗೆ ಸೇರಿಸಿದರು.

ಪಾದ್ರಿಯಿಲ್ಲದ ಕಡೆ ಪಾದ್ರಿಯ ಕೆಲಸ ನಡೆಯುವುದು ಹೇಗೆ? ಪ್ರಾಣಾಪಾಯದ ಹೊತ್ತಿನಲ್ಲಿ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು ಎಂದು ಇಗರ್ಜಿಯ ನಿಯಮ ಇದೆ. ಜಪಸರಕ್ಕೆ ಬಲಿಪೀಠ ಬೇಕಿಲ್ಲ. ಮತ್ತೆ ಪುಸ್ತಕ ಒಂದಿತ್ತು. ಜೈಲಿನ ಇಂಗ್ಲಿಷರಿಗಾಗಿ ಓಡಾಡಿದ ಥಾಮಸ್ ಸ್ಟೀಫನ್ಸ್ ಗೋವೆಯಲ್ಲೇ ನಲವತ್ತು ವರ್ಷ ಉಳಿದು, ಇಲ್ಲಿಯ ಮಾತು ಕಲಿತು, ಓವಿಗಳಲ್ಲಿ ಕ್ರಿಸ್ತಪುರಾಣ ಬರೆದಿದ್ದ. 1616ರಲ್ಲಿ ರಾಚೋಲಿನಲ್ಲಿ ಅದು ಅಚ್ಚಾಯಿತು. ಮರಾಠಿ ಪುರಾಣಗಳ ಧಾಟಿ, ನಡುನಡುವೆ ಕೊಂಕಣಿಯ ಸೊಗಡು, ಎದ್ದು ಹಾಡುವಂಥ ಲಯ. ಸೆರೆಯ ವರ್ಷಗಳಲ್ಲಿ ಇದನ್ನೇ ಓದಿಕೊಂಡು, ಬಾಯಿಪಾಠದಿಂದ ಹೇಳಿಕೊಂಡು ಜನ ನಂಬಿಕೆ ಉಳಿಸಿಕೊಂಡರು ಎಂಬ ಮಾತು ಕೆನರಾದ ಕ್ರೈಸ್ತ ಮನೆತನಗಳಲ್ಲಿ ಉಳಿದುಬಂದಿದೆ. 1907ರಲ್ಲಿ ಜೆ. ಎಲ್. ಸಲ್ಡಾನ್ಹಾ ಮಂಗಳೂರಿನಲ್ಲಿ ಪುರಾಣವನ್ನು ಮತ್ತೆ ಅಚ್ಚು ಹಾಕಿಸುವವರೆಗೂ ಕೈಬರಹದ ಪ್ರತಿಗಳೇ ಅದನ್ನು ಕಾಪಾಡಿದ್ದವು. ಒಂದೂವರೆ ಶತಮಾನಕ್ಕೂ ಹಿಂದೆ ತೀರಿಕೊಂಡ ಪಾದ್ರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಬದುಕುಳಿದವರಲ್ಲಿ ಬಹಳ ಜನ ಕರಾವಳಿಯ ದಾರಿ ಹಿಡಿದರು, ಉಳಿದವರು ಅಲ್ಲೇ ನಿಂತರು. ಅವರ ಆರೈಕೆಗೆ ಬಂದವನು ಫ್ರೆಂಚ್ ಪಾದ್ರಿ ಅಬ್ಬೆ ದ್ಯೂಬ್ವಾ. ಬಿಳಿ ನಿಲುವಂಗಿ ತೊಟ್ಟು, ಪೇಟ ಸುತ್ತಿ, ಮಾಂಸ ಬಿಟ್ಟು ಇಲ್ಲಿಯವನಂತೆಯೇ ಬದುಕಿದ ಇವನನ್ನು ಜನ ದೊಡ್ಡ ಸ್ವಾಮಿಯೋರು ಎಂದು ಕರೆದರು. ಬಲವಂತದಿಂದ ಮತ ಬಿಟ್ಟಿದ್ದ ಸುಮಾರು 1,800 ಜನರನ್ನು ಇವನು ಮತ್ತೆ ಇಗರ್ಜಿಗೆ ಸೇರಿಸಿಕೊಂಡ. ಸಿಡುಬಿನ ಲಸಿಕೆ ಹಾಕಿಸುವುದಕ್ಕೆ ಮೈಸೂರು ಸೀಮೆಯಲ್ಲಿ ಊರೂರು ಸುತ್ತಿದ. ಗಂಜಾಮಿನಲ್ಲಿ ಅವನ ಹೆಸರಿನಿಂದಲೇ ಗುರುತಿಸುವ ಇಗರ್ಜಿ ಇವತ್ತಿಗೂ ಇದೆ.

ಆದರೆ 1823ರಲ್ಲಿ ಹೊರಬಂದ ಪತ್ರಗಳಲ್ಲಿ ಇದೇ ದ್ಯೂಬ್ವಾ ಈ ಸೆರೆಯಾಳುಗಳ ಬಗ್ಗೆ ಒರಟು ಮಾತು ಬರೆದ: ಅಷ್ಟು ಸಾವಿರ ಜನರಲ್ಲಿ ನಂಬಿಕೆಗಾಗಿ ಪ್ರಾಣ ಕೊಡುವ ಎದೆ ಒಬ್ಬನಿಗೂ ಇರಲಿಲ್ಲ ಎಂಬುದು ಅದರ ಸಾರ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಅಪಾಯದಿಂದ ದೂರ ಹೊರಟುಬಂದವನು, ಹೆಂಡತಿ ಮಕ್ಕಳೊಂದಿಗೆ ಸೆರೆ ಸೇರಿದವರಿಗೆ ಹುತಾತ್ಮರಾಗಲಿಲ್ಲವೆಂದು ದೂರುವುದು ನ್ಯಾಯವಲ್ಲ. ಕೈಹಿಡಿದು ಎತ್ತಿದವನೇ ಮನಸ್ಸಿನಲ್ಲಿ ಅವರನ್ನು ಅಳೆದು ಕೀಳುಗೈದಿದ್ದ. ಜೈಲಿಗೆ ಹೋಗುವ ಧರ್ಮಗುರುಗಳು ಯಾವ ಮತದವರೇ ಆಗಲಿ, ಈ ಪುಟವನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಬ್ರಿಟಿಷರ ಆಳ್ವಿಕೆ ಬಂದಾಗ ಪಾದ್ರಿಗಳಿಗೆ ಜೈಲಿನ ಬಾಗಿಲು ತೆರೆದಿರಬೇಕು ಎಂದು ಯಾರಾದರೂ ಊಹಿಸಬಹುದು. ಇಂಗ್ಲೆಂಡಿನಲ್ಲಿ 1773ರಿಂದಲೇ ಜೈಲಿಗೆ ಸಂಬಳದ ಪಾದ್ರಿಯನ್ನು ನೇಮಿಸಲು ಕಾನೂನಿತ್ತು. ಇಲ್ಲಿ ನಡೆದದ್ದು ತಿರುವುಮುರುವು. ಈಸ್ಟ್ ಇಂಡಿಯಾ ಕಂಪನಿಯ ಚಾಪ್ಲಿನ್‌ಗಳು ಇದ್ದದ್ದು ಬಿಳಿಯರ ಆತ್ಮಗಳಿಗೆ. ಮೆಕಾಲೆಯೂ ಸೇರಿದ್ದ ಜೈಲು ಶಿಸ್ತಿನ ಸಮಿತಿ 1838ರ ವರದಿಯಲ್ಲಿ ಕೈದಿಗಳಿಗೆ ವಿದ್ಯೆ, ನೀತಿಬೋಧೆ, ಧರ್ಮಬೋಧೆ ಯಾವುದೂ ಬೇಡ, ಬೇಸರ ಹಿಡಿಸುವ ದುಡಿಮೆ ಸಾಕು ಎಂಬ ನಿಲುವು ತಳೆಯಿತು. ಅದರ ಹಿಂದೆ ಭಯವೂ ಇತ್ತು. ಎಲ್ಲ ಜಾತಿಯವರಿಗೂ ಒಟ್ಟಿಗೇ ಅಡುಗೆ ಮಾಡಿಸಲು ಹೋದಾಗ, 1855ರಲ್ಲಿ ಬಿಹಾರದ ಜೈಲುಗಳಲ್ಲಿ ಕೈದಿಗಳ ಹಿತ್ತಾಳೆ ಚೆಂಬು ಕಸಿದು ಮಣ್ಣಿನ ಮಡಕೆ ಕೊಟ್ಟಾಗ, ಇದು ಜಾತಿ ಕೆಡಿಸಿ ಕಿರಿಸ್ತಾನರನ್ನಾಗಿಸುವ ಹುನ್ನಾರವೆಂದು ಜನ ದಂಗೆಯೆದ್ದರು. 1857ರ ನಂತರವಂತೂ ಜೈಲಿಗೆ ಮಿಷನರಿಯನ್ನು ಬಿಡುವುದೆಂದರೆ ಕೆಂಡ ಕಟ್ಟಿಕೊಂಡಂತೆ ಎಂದು ಸರ್ಕಾರ ಹೆದರಿತು.

ಉತ್ತರ ಕೆನರಾ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಬಂದು ಕಾರವಾರ ಜಿಲ್ಲೆಯ ಕೇಂದ್ರವಾಯಿತು. ಕಚೇರಿ, ಕೋರ್ಟು, ಜೈಲು ಒಂದರ ಹಿಂದೊಂದು ಬಂದವು. 1880ರ ದಶಕದ ಆರಂಭದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದವರು ಸತ್ಯೇಂದ್ರನಾಥ ಠಾಕೂರ್. ತಮ್ಮ ರವೀಂದ್ರನಾಥ 1883ರಲ್ಲಿ ಅಣ್ಣನ ಮನೆಗೆ ಬಂದು ಕಾಳಿ ನದಿಯಲ್ಲಿ ದೋಣಿಯೇರಿದ್ದು, ನಾಟಕ ಬರೆದದ್ದು ಕಾರವಾರದವರಿಗೆಲ್ಲ ಗೊತ್ತು. ಅಣ್ಣನ ಇನ್ನೊಂದು ನಂಟು ಅಷ್ಟು ಪ್ರಸಿದ್ಧವಲ್ಲ. 1866ರಲ್ಲಿ ಬ್ರಿಸ್ಟಲ್ಲಿನ ಮೇರಿ ಕಾರ್ಪೆಂಟರ್ ಹಿಂದುಸ್ತಾನಕ್ಕೆ ಬಂದು ಜೈಲುಗಳನ್ನು ನೋಡುತ್ತ ಅಹಮದಾಬಾದಿಗೆ ಹೋದಾಗ ಅವಳನ್ನು ಬರಮಾಡಿಕೊಂಡವರು ಅಲ್ಲಿ ಅಧಿಕಾರಿಯಾಗಿದ್ದ ಇದೇ ಸತ್ಯೇಂದ್ರನಾಥ ದಂಪತಿ. ಮೇರಿ ಯೂನಿಟೇರಿಯನ್ ಬೋಧಕನೊಬ್ಬನ ಮಗಳು. ಬೀದಿಮಕ್ಕಳಿಗೆ ಶಾಲೆ, ಅಪರಾಧಿ ಬಾಲಕಿಯರಿಗೆ ಸುಧಾರಣಾ ಮಂದಿರ ನಡೆಸಿದವಳು. ಇಲ್ಲಿ ಅವಳು ಮತದ ಮಾತೆತ್ತಲಿಲ್ಲ. ಜೈಲಿನಲ್ಲಿ ಓದು ಕಲಿಸಿ, ಹೆಂಗಸರಿಗೆ ಹೆಂಗಸರನ್ನೇ ಕಾವಲಿಗಿಡಿ, ಮಕ್ಕಳನ್ನು ದೊಡ್ಡ ಅಪರಾಧಿಗಳಿಂದ ದೂರವಿಡಿ ಎಂದು ಅಧಿಕಾರಿಗಳ ಬೆನ್ನುಹತ್ತಿದಳು. ಕೈದಿಗಳಿಗೆ ನೀತಿ, ಧರ್ಮದ ಬೋಧೆ ಇರಲಿ ಎಂದು ಸರ್ಕಾರಿ ಸಮಿತಿಯೊಂದು ಒಪ್ಪಿಕೊಳ್ಳಲು 1919-20 ಬರಬೇಕಾಯಿತು.

ಆ ಹೊತ್ತಿಗೆ ಅಂಕೋಲೆಯವರೇ ಜೈಲು ತುಂಬುವ ಕಾಲ ಹತ್ತಿರವಾಗಿತ್ತು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರು, ಆಮೇಲೆ ಕರನಿರಾಕರಣೆ ಬಂತು, ಹಳ್ಳಿಹಳ್ಳಿಯ ರೈತರು ಹಿಂಡಲಗಾ, ಯೆರವಡಾ ಜೈಲುಗಳ ಹಾದಿ ಹಿಡಿದರು. ಜೈಲು ಎಂದರೆ ಮಾನ ಹೋಗುವ ಜಾಗ ಎಂಬ ಎಣಿಕೆ ಈ ತಾಲೂಕಿನಲ್ಲಿ ತಲೆಕೆಳಗಾಯಿತು. ಕ್ರೈಸ್ತ ಮನೆಗಳಲ್ಲೂ ಅದರ ಗಾಳಿ ಬೀಸಿತು. ಉಡುಪಿ ಮೂಲದ ಜೋಕಿಂ ಆಳ್ವ ಸ್ವಾತಂತ್ರ್ಯ ಹೋರಾಟದಲ್ಲಿ ಮತ್ತೆಮತ್ತೆ ಜೈಲು ಸೇರಿದರು. ಅವರ ಹೆಂಡತಿ ವಾಯೊಲೆಟ್ ಆಳ್ವ 1943ರಲ್ಲಿ ಐದು ತಿಂಗಳ ಕೂಸನ್ನು ಎತ್ತಿಕೊಂಡೇ ಮುಂಬಯಿಯ ಆರ್ಥರ್ ರೋಡ್ ಜೈಲಿಗೆ ಹೋದರು. 1952ರಿಂದ ಮೂರು ಚುನಾವಣೆಗಳಲ್ಲಿ ಕಾರವಾರ, ಅಂಕೋಲೆ ಇರುವ ಕೆನರಾ ಕ್ಷೇತ್ರ ಮಾಜಿ ಕೈದಿ ಜೋಕಿಂ ಆಳ್ವರನ್ನೇ ಲೋಕಸಭೆಗೆ ಕಳಿಸಿತು.

1961ರ ಡಿಸೆಂಬರ್‌ನಲ್ಲಿ ಗೋವೆಯ ಜೊತೆ ಅಂಜುದೀವ್ ಕೂಡ ಭಾರತದ ಕೈಸೇರಿತು, ಏಳು ಮಂದಿ ನಾವಿಕರು ಅಲ್ಲಿ ಪ್ರಾಣಕೊಟ್ಟರು. ಸೋತ ಪೋರ್ತುಗೀಸ್ ಸೈನಿಕರು ಗೋವೆಯ ಶಿಬಿರಗಳಲ್ಲಿ ತಿಂಗಳುಗಟ್ಟಲೆ ಯುದ್ಧಕೈದಿಗಳಾಗಿದ್ದರು. 1962ರ ಮಾರ್ಚ್ 19ರಂದು ಫೋಂಡಾ ಶಿಬಿರದಿಂದ ಕೆಲವರು ಕಸದ ಲಾರಿಯಲ್ಲಿ ಅಡಗಿ ತಪ್ಪಿಸಿಕೊಳ್ಳಲು ನೋಡಿ ಸಿಕ್ಕಿಬಿದ್ದರು. ಅವರ ಮೇಲಧಿಕಾರಿಗಳನ್ನು ಗುಂಡಿಕ್ಕಿ ಕೊಲ್ಲುವ ಬೆದರಿಕೆಯವರೆಗೆ ಮಾತು ಬೆಳೆಯಿತು. ಅದನ್ನು ತಣ್ಣಗಾಗಿಸಿದವನು ಫೆರೇರಾ ಡ ಸಿಲ್ವಾ ಎಂಬ ಜೆಸ್ವಿಟ್ ಸೇನಾಪಾದ್ರಿ. ರಾಜನ ಸಂಬಳದ ಪಾದ್ರಿ ರಾಜನೇ ಇಲ್ಲದಾದ ಮೇಲೂ ಉಪಯೋಗಕ್ಕೆ ಬಂದ.

ಕಾರವಾರ ಸ್ವಂತ ಧರ್ಮಪ್ರಾಂತವಾದದ್ದು 1976ರ ಜನವರಿಯಲ್ಲಿ, ಬೆಳಗಾವಿಯಿಂದ ಬೇರೆಯಾಗಿ. ಕೊಟ್ಟಾಯಂ ಹತ್ತಿರದ ವಡವಾತೂರು ಸೆಮಿನರಿಯ ಕೆಲವು ವಿದ್ಯಾರ್ಥಿಗಳು 1980ರ ದಶಕದಲ್ಲಿ ಜೈಲುಭೇಟಿ ಶುರುಮಾಡಿದರು, ಅದು ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಆಗಿ ಬೆಳೆಯಿತು, ಅದರ ರಾಷ್ಟ್ರೀಯ ಕಚೇರಿ ಬೆಂಗಳೂರಿನಲ್ಲಿದೆ. ಕಾರಾಗೃಹ ಸೇವೆಯ ಹೆಸರಿನಲ್ಲಿ ಆಗಸ್ಟ್ ತಿಂಗಳ ಎರಡನೆಯ ಭಾನುವಾರವನ್ನು ಭಾರತದ ಕಥೋಲಿಕ ಇಗರ್ಜಿಗಳು ಆಚರಿಸುತ್ತವೆ. ಇನ್ನೊಬ್ಬ ಕೈದಿಯ ಬದಲಿಗೆ ತಾನು ಸಾಯಲು ಒಪ್ಪಿ 1941ರಲ್ಲಿ ಆಶ್‌ವಿಟ್ಜ್‌ನಲ್ಲಿ ಪ್ರಾಣ ಬಿಟ್ಟ ಮ್ಯಾಕ್ಸಿಮಿಲಿಯನ್ ಕೋಲ್ಬೆ ಇದರ ಪೋಷಕ ಸಂತ.

ಈಗ ಅಪ್ಪಣೆ ಕೊಡುವುದು ಕಾರಾಗೃಹ ಇಲಾಖೆ. ಪಾದ್ರಿಗೆ ಸಿಗುವ ಅನುಮತಿ ಬ್ರಹ್ಮಕುಮಾರಿಯರಿಗೂ ಯೋಗ ಕಲಿಸುವವರಿಗೂ ಸಿಗುತ್ತದೆ. ಮೊಬೈಲು ಗೇಟಿನಲ್ಲೇ ಉಳಿಯಬೇಕು, ಒಳಗೆ ಒಯ್ಯುವ ಪೊಟ್ಟಣ ಬಿಚ್ಚಿ ತೋರಿಸಬೇಕು. ಅನುಮಾನದ ಕಣ್ಣೂ ತಪ್ಪಿದ್ದಲ್ಲ. 2022ರ ಮತಾಂತರ ಕಾಯ್ದೆಯ ಸುತ್ತ ರಾಜ್ಯದಲ್ಲಿ ಎದ್ದ ವಾದವಿವಾದ ನೋಡಿದವರಿಗೆ, ಕ್ರಿಸ್ಮಸ್ ಕೇಕು ಹಂಚಲು ಹೋದವರೂ ಎರಡು ಸಲ ಯೋಚಿಸಿ ಮಾತಾಡುವುದೇಕೆಂದು ತಿಳಿಯುತ್ತದೆ. ಬಿಹಾರದ ಚೆಂಬಿನ ಗಲಾಟೆಯ ವಾಸನೆ ಪೂರ್ತಿ ಹೋಗಿಲ್ಲ. ಇನ್‌ಕ್ವಿಸಿಷನ್ನಿನ ನೆನಪಿರುವ ಕರಾವಳಿಯಲ್ಲಿ ಆ ಅನುಮಾನವನ್ನು ಬರೀ ದ್ವೇಷವೆಂದು ತಳ್ಳಿಹಾಕುವುದೂ ಸರಿಯಲ್ಲ.

ಹಾಗೆಂದು ಜೈಲಿನ ಒಳಗೆ ಇರುವವರಿಗೆ ಇದು ಮೊದಲ ಚಿಂತೆಯಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು, ಅವರಲ್ಲಿ ಶೇಕಡಾ 75ಕ್ಕೂ ಹೆಚ್ಚು ಮಂದಿ ಇನ್ನೂ ತೀರ್ಪೇ ಬಾರದ ವಿಚಾರಣಾಧೀನರು. ಜಾಮೀನು ಆಜ್ಞೆ ಸಿಕ್ಕಿಯೂ ಹಣವಿಲ್ಲದೆ, ಜಾಮೀನು ನಿಲ್ಲುವ ಜನವಿಲ್ಲದೆ ಒಳಗೇ ಉಳಿಯುವವರು ಅವರಲ್ಲಿದ್ದಾರೆ. ಕೇಂದ್ರ ಸರ್ಕಾರ 2023ರಲ್ಲಿ ತಂದ ಯೋಜನೆಯಂತೆ ಅಂಥ ಬಡ ವಿಚಾರಣಾಧೀನ ಕೈದಿಗೆ ನಲವತ್ತು ಸಾವಿರ ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಿತನಿಗೆ ಇಪ್ಪತ್ತೈದು ಸಾವಿರದವರೆಗೆ ನೆರವು ನಿಗದಿಯಾಗಿತ್ತು. ಆಜ್ಞೆಯಾಗಿ ಏಳು ದಿನದೊಳಗೆ ಕೈದಿ ಹೊರಬೀಳದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಅವರು ಅವನ ಮನೆಯ ಸ್ಥಿತಿಗತಿ ವಿಚಾರಿಸಿ ಜಿಲ್ಲಾ ಸಮಿತಿಯ ಮುಂದೆ ಇಡಬೇಕು. ಈ ವಿಚಾರಣೆಗೆ ಸಮಾಜ ಕಾರ್ಯಕರ್ತರ, ಸಂಘಸಂಸ್ಥೆಗಳವರ ನೆರವು ಪಡೆಯಬಹುದು ಎಂದು ಮಾರ್ಗಸೂಚಿಯಲ್ಲೇ ಬರೆದಿದೆ. ಮನೆ ಹುಡುಕಿಕೊಂಡು ಹೋಗಿ ರೇಷನ್ ಕಾರ್ಡು, ಪಹಣಿ ನೋಡಿ, ಊರಿನವರನ್ನು ಕೇಳಿ ಬರೆದುಕೊಂಡು ಬರುವ ಕೆಲಸ ಅದು. ಸ್ಟೀಫನ್ಸ್ 1583ರ ಡಿಸೆಂಬರ್‌ನಲ್ಲಿ ಗೋವೆಯ ಬೀದಿಗಳಲ್ಲಿ ಮಾಡಿದ್ದಕ್ಕೆ ಈಗ ಸರ್ಕಾರಿ ನಮೂನೆ ಇದೆ, ಭರ್ತಿ ಮಾಡುವ ಕೈ ಬೇಕು.